ಹ್ಯಾಂಡಲ್ ಇಲ್ಲದ ಮೋಟಾರು

ನನ್ನ ಬಲಗೈ ಬಸರಾದಲ್ಲಿ ಸತ್ತಿತು. ನಾನು ಸಾಯಲಿಲ್ಲ, ಕೈ ಮಾತ್ರ. ಮೊದಲನೆಯ ದೊಡ್ಡ ಯುದ್ಧದ ಕೊನೆಯ ವರ್ಷ ಅಲ್ಲಿ, ಅರಬರ ನಾಡಿನಲ್ಲಿ, ಇಂಗ್ಲಿಷರ ಲಷ್ಕರಿನ ಲಾರಿ ಓಡಿಸುತ್ತಿದ್ದೆ. ಆಗಿನ ಗಾಡಿಗಳನ್ನು ಚಾಲೂ ಮಾಡುವುದೆಂದರೆ ಮೂತಿಗೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ಬಲವಾಗಿ ತಿರುವಬೇಕು. ಒಂದು ಬೆಳಿಗ್ಗೆ ಇಂಜಿನ್ ಉಲ್ಟಾ ಒದೆಯಿತು, ಹ್ಯಾಂಡಲ್ ಹಿಂದಕ್ಕೆ ತಿರುಗಿ ನನ್ನ ಮಣಿಕಟ್ಟು ಮುರಿಯಿತು. ಎಲುಬು ಕೂಡಿಕೊಂಡಿತು, ನರ ಕೂಡಲಿಲ್ಲ. ನೋಡುವವರಿಗೆ ಕೈ ಸರಿಯಾಗಿಯೇ ಕಾಣುತ್ತಿತ್ತು, ಬೆರಳುಗಳು ಅಷ್ಟಿಷ್ಟು ಮಡಚುತ್ತಿದ್ದವು. ಆದರೆ ಬಿಸಿ, ತಣ್ಣಗೆ, ಚುಚ್ಚಿದ್ದು, ಕೊಯ್ದದ್ದು ಯಾವುದೂ ತಿಳಿಯುತ್ತಿರಲಿಲ್ಲ. ಹಿಡಿತ ಅನ್ನುವುದಂತೂ ಇರಲೇ ಇಲ್ಲ.

ಬೆಳಗಾವಿಯ ಅಂಚಿಗಿರುವ ವಡಗಾವಿಯ ನಮ್ಮ ಓಣಿಗೆ ಮರಳಿದಾಗ ಇದನ್ನು ಹೆಂಡತಿಗೆ ಮಾತ್ರ ಹೇಳಿದೆ. ಅವಳು ಕೈಯನ್ನು ತಿರುವಿ ಮುರುವಿ ನೋಡಿ, "ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ" ಅಂದಳು. ಯಾಕೆಂದು ನಾನು ಕೇಳಲಿಲ್ಲ. ಮುಟ್ಟಿದ್ದು ತಿಳಿಯದ ಕೈ ಎಂದರೆ ಜನ ಮೊದಲು ನೆನೆಯುವುದು ದೊಡ್ಡ ರೋಗವನ್ನು, ಕುಷ್ಠವನ್ನು. ಹ್ಯಾಂಡಲ್ ಬಡಿದದ್ದು ಅಂತ ಮನೆಮನೆಗೆ ಹೋಗಿ ಹೇಳಲಿಕ್ಕಾಗುತ್ತದೆಯೇ? ಹೇಳಿದರೂ, ಬಾವಿಕಟ್ಟೆಯ ಮೇಲೆ ನನ್ನ ಹೆಂಡತಿಯ ಕೊಡಕ್ಕೆ ತಮ್ಮ ಕೊಡ ತಾಗದಂತೆ ಸರಿಸಿ ಇಡುವವರನ್ನು ತಡೆಯಲಿಕ್ಕಾಗುತ್ತದೆಯೇ?

ನಮ್ಮದು ನೇಕಾರರ ಮನೆ. ಅಪ್ಪನ ಮಗ್ಗ ಗೋಡೆಗೆ ಹೊಂದಿಕೊಂಡು ಹಾಗೇ ನಿಂತಿತ್ತು. ಲಾಳಿ ಒಗೆಯಲು ಬಲಗೈ ಬೇಕು. ಒಂದು ಮಧ್ಯಾಹ್ನ ಕುಳಿತು ನೋಡಿದೆ, ಮೊಳದಷ್ಟು ಬಟ್ಟೆಯೂ ಆಗಲಿಲ್ಲ, ನೂಲು ಹರಿದದ್ದೇ ಬಂತು. ನನಗೆ ಬರುತ್ತಿದ್ದ ಇನ್ನೊಂದು ವಿದ್ಯೆ ಮೋಟಾರು ಓಡಿಸುವುದು. ಅದು ಊರಲ್ಲಿ ಬೆರಳೆಣಿಕೆಯ ಜನಕ್ಕೆ ಮಾತ್ರ ಬರುತ್ತಿತ್ತು. ಓಡಿಸಲು ಎಡಗೈ ಸಾಕು, ಬಲಗೈಯನ್ನು ಚಕ್ರದ ಮೇಲೆ ಸುಮ್ಮನೆ ಇಟ್ಟಿದ್ದರೆ ಆಯಿತು. ಆದರೆ ಚಾಲೂ ಮಾಡಲು ಹ್ಯಾಂಡಲ್ ಹೊಡೆಯಲೇಬೇಕು. ಹೀಗೆ ಬಸರಾದಿಂದ ಬಂದ ನಾಲ್ಕು ವರ್ಷ ನಾನು ಮೋಟಾರು ಬಲ್ಲವನೆಂಬ ಹೆಸರು ಹೊತ್ತುಕೊಂಡು ಕೆಲಸವಿಲ್ಲದೆ ಕುಳಿತೆ. ಹೆಂಡತಿ ಪಕ್ಕದ ಮನೆಗಳ ಮಗ್ಗಕ್ಕೆ ಕಂಡಿಕೆಗೆ ನೂಲು ಸುತ್ತಿ ಕೊಟ್ಟು ಮನೆ ನಡೆಸಿದಳು.

ಆಗ ಕಟ್ಟಿಗೆ ವ್ಯಾಪಾರದ ಸಾಹುಕಾರರು ನನ್ನನ್ನು ಕರೆಸಿದರು. ಊರ ಅಂಚಿನಲ್ಲಿ ಅವರದೊಂದು ಕಟ್ಟಿಗೆ ಕೊರೆಯುವ ಗಿರಣಿ. ಖಾನಾಪುರದಲ್ಲಿ ಮರ ಒಟ್ಟುವ ಒಂದು ಅಡ್ಡೆ, ಅದರಾಚೆ ಕಾಡಿನ ಅಂಚಿನ ಗುಂಜಿಯಲ್ಲಿ ಇನ್ನೊಂದು. ರೈಲು ಇತ್ತು, ಇಲ್ಲವೆಂದಲ್ಲ. ಆದರೆ ಮರದ ಲಿಲಾವು, ಅಂದರೆ ಹರಾಜು, ರೈಲಿನ ಟೈಮು ನೋಡಿ ನಡೆಯುತ್ತಿರಲಿಲ್ಲ. ಅದಕ್ಕಿಂತ ಮುಖ್ಯವಾದ ಕಾರಣ ಅವರ ತಾಯಿ. ಆ ಹಿರಿಯಮ್ಮ ಬಹಳ ಕಟ್ಟುನಿಟ್ಟಿನವರು. ಹೊರಗೆ ಹೋದ ದಿನ, ಸಂಜೆ ಮನೆಗೆ ಬಂದು ಲಿಂಗಪೂಜೆ ಮುಗಿಸುವವರೆಗೆ ಹನಿ ನೀರನ್ನೂ ಮುಟ್ಟುತ್ತಿರಲಿಲ್ಲ. ತೀರಿಹೋದ ಗಂಡ ಮೊದಲು ಅಡ್ಡೆ ಹಾಕಿದ ಗುಂಜಿಯನ್ನು ಒಮ್ಮೆ ಕಣ್ಣಿಂದ ನೋಡಬೇಕೆಂಬುದು ಅವರ ಆಸೆ. ಹೊತ್ತು ಮುಳುಗುವುದರೊಳಗೆ ಹೋಗಿ ಬರುವ ದಾರಿ ಮೋಟಾರು ಒಂದೇ.

ಸಾಹುಕಾರರು ಪಡಸಾಲೆಯಲ್ಲಿ ಕೂರಿಸಿ ವಿಷಯ ಹೇಳಿದರು. "ಎರಡು ಗಾಡಿ ಅದಾವ. ಒಂದು ಪೆಟ್ರೋಲಿಂದು, ಮೋಟಾರ ಮಾರೂ ಏಜಂಟ ತಂದಾನ. ಇನ್ನೊಂದು ಕ್ಯಾಂಪಿನಾಗ ಒಬ್ಬಾಕಿ ಮೇಮ್‌ಸಾಹೇಬರದು, ಕರೆಂಟಿನ ಮ್ಯಾಲ ಓಡತೈತಂತ. ಆಕಿ ವಿಲಾಯತಿಗಿ ಹೊಂಟಾಳ. ಎರಡೂ ನೋಡಿ ಬಾ. ನನಗೇನೂ ತಿಳಿಯಂಗಿಲ್ಲ. ನೀ ಯಾವದು ಅಂತಿ ಅದು. ಓಡಸಾಂವನೂ ನೀನ."

ಅಷ್ಟು ದೊಡ್ಡ ಮನುಷ್ಯ ಅಷ್ಟು ಸರಳವಾಗಿ ನನ್ನ ಮೇಲೆ ಬಿಟ್ಟುಬಿಟ್ಟರು. ಸಂತೋಷವಾಗಬೇಕಿತ್ತು. ನನಗೆ ಆ ವರ್ಷಗಳಲ್ಲಿ ಸಂತೋಷವೂ ಆಗುತ್ತಿರಲಿಲ್ಲ, ದುಃಖವೂ ಆಗುತ್ತಿರಲಿಲ್ಲ. "ಹೂಂನ್ರಿ" ಅಂದು ಎದ್ದು ಬಂದೆ.

ಪೆಟ್ರೋಲ್ ಗಾಡಿ ಒಳ್ಳೆಯದಿತ್ತು. ಇದನ್ನು ಈಗ ಹೇಳಲು ನನಗೆ ಏನೂ ಅಡ್ಡಿಯಿಲ್ಲ. ಅಚ್ಚು ಗಟ್ಟಿ, ಇಂಜಿನಿನ ದನಿ ಚೊಕ್ಕ, ಮಳೆಗಾಲದ ಕೆಂಪು ರಾಡಿಯಲ್ಲೂ ಎಳೆದುಕೊಂಡು ಹೋಗುವ ಜಾತಿ. ಏಜಂಟನೇ ಹ್ಯಾಂಡಲ್ ಹೊಡೆದ. ಮೂರನೆಯ ಸುತ್ತಿಗೆ ಹತ್ತಿಕೊಂಡಿತು. "ನೀವೂ ಒಮ್ಮೆ ಹೊಡೀರಲಾ" ಅಂದ. "ನೋಡೇನಲ್ಲ, ಸಾಕ್ರಿ" ಅಂದೆ. ಆಮೇಲೆ ಗಾಡಿಯ ಸುತ್ತ ಒಂದು ಸುತ್ತು ಬಂದು, ಏನೋ ಕೊರತೆ ಹುಡುಕುವವನಂತೆ ಟೈರು ಒದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಟೈರು ಸವೆದಿದೆ ಅಂದೆ.

ಬಿಳಿಯರ ಲಷ್ಕರಿನ ಕ್ಯಾಂಪಿನಲ್ಲಿ, ಮೇಮ್‌ಸಾಹೇಬರ ಬಂಗಲೆಯಲ್ಲಿದ್ದದ್ದು ಗಾಡಿಯೋ ಗಾಜಿನ ಕಪಾಟೋ ಹೇಳುವುದು ಕಷ್ಟ. ನಾಲ್ಕೂ ಕಡೆ ಗಾಜು, ಒಳಗೆ ಮೆತ್ತನೆಯ ಗಾದಿ. ಮೂತಿಗೆ ಹ್ಯಾಂಡಲ್ ಇರಲಿಲ್ಲ. ಹ್ಯಾಂಡಲ್ ಹಾಕುವ ತೂತು ಕೂಡ ಇರಲಿಲ್ಲ. ನಾನು ಮೊದಲು ನೋಡಿದ್ದು ಅದನ್ನೇ. ಮುಂದಿನ ಮುಚ್ಚಳ ತೆಗೆದರೆ ಸಾಲಾಗಿ ಬ್ಯಾಟರಿಗಳು, ಹಿಂದೆ ಇನ್ನೊಂದು ಸಾಲು. ಓಡಿಸುವವನು ಕೂರುವುದು ಹಿಂದಿನ ಗಾದಿಯಲ್ಲಿ, ಎಡಕ್ಕೆ. ಗಾಡಿ ಹೊರಳಿಸಲು ಚಕ್ರದ ಬದಲು ಒಂದು ಉದ್ದನೆಯ ಸರಳು, ವೇಗಕ್ಕೆ ಅದರ ಕೆಳಗೇ ಇನ್ನೊಂದು ಗಿಡ್ಡನೆಯದು. ಎರಡೂ ಎಡಗೈಗೆ. ಆ ಗಾಡಿಯನ್ನು ಮಾಡಿದವನು ನನ್ನ ಕೈ ನೋಡಿಯೇ ಮಾಡಿದ್ದಾನೆ ಅನಿಸಿತು. ಬಂಗಲೆಯ ಆವರಣದಲ್ಲಿ ನಾಲ್ಕು ಸುತ್ತು ಹಾಕಿದೆ. ಸದ್ದಿಲ್ಲ, ಹೊಗೆಯಿಲ್ಲ. ಬಲಗೈ ತೊಡೆಯ ಮೇಲೆ ಮಲಗಿತ್ತು, ಯಾರೂ ಅದನ್ನು ಏನೂ ಕೇಳಲಿಲ್ಲ.

ಬಂಗಲೆಯ ಬಟ್ಲರ್ ಪ್ರಾಮಾಣಿಕ ಮನುಷ್ಯ. ಬ್ಯಾಟರಿಗೆ ಬಾವಿಯ ನೀರು ಹಾಕಬಾರದು, ಔಷಧದ ಅಂಗಡಿಯ ಶುದ್ಧ ನೀರೇ ಹಾಕಬೇಕು ಎಂದು ಹೇಳಿಕೊಟ್ಟ. ಆಮೇಲೆ ನಾನು ಕೇಳದೆಯೇ, "ಪೂರಾ ಕರೆಂಟ ತುಂಬಿದ್ರ ಮೂವತ್ತೈದು ಮೈಲಿ ಹೋಗತೈತಿ. ಅದರ ಮ್ಯಾಲ ಒಂದು ಗೇಣೂ ಹೋಗಂಗಿಲ್ಲ" ಅಂದ.

ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಬೆಳಗಾವಿಯಿಂದ ಖಾನಾಪುರಕ್ಕೆ ಹದಿನಾರು ಮೈಲಿ, ಹೋಗಿ ಬರಲು ಮೂವತ್ತೆರಡು. ಅಲ್ಲಿಗೆ ಸರಿ. ಗುಂಜಿ ಅಲ್ಲಿಂದ ಮತ್ತೆ ಆರು. ಗುಂಜಿಗೆ ಹೋಗಿ ಬಂದರೆ ನಲವತ್ನಾಲ್ಕು. ಲೆಕ್ಕ ಬಹಳ ಸುಲಭದ್ದಾಗಿತ್ತು, ತಪ್ಪು ಮಾಡಲು ಜಾಗವೇ ಇರಲಿಲ್ಲ.

ಪಡಸಾಲೆಯಲ್ಲಿ ಸಾಹುಕಾರರೂ ಅವರ ತಾಯಿಯೂ ಕಾಯುತ್ತಿದ್ದರು. ಕರೆಂಟಿನ ಗಾಡಿ ಒಳ್ಳೆಯದು ಅಂದೆ. ಗಿರಣಿಯ ಇಂಜಿನಿಗೆ ಡೈನಮೋ ಹೇಗೂ ಇದೆ, ಕರೆಂಟು ತುಂಬಿಕೊಳ್ಳಬಹುದು. ವಾಸನೆಯಿಲ್ಲ, ಅದುರುವುದಿಲ್ಲ, ಎದುರು ಬಂದ ಎತ್ತುಗಳು ಬೆದರುವುದಿಲ್ಲ. ಎಲ್ಲ ಖರೆ ಮಾತೇ.

"ಗುಂಜಿ ತನಕ ಹೋಗಿ ಬರತೈತಿಲ್ಲೋ?" ಹಿರಿಯಮ್ಮ ಕೇಳಿದರು.

"ಬರತೈತ್ರಿ ಅವ್ವಾರ."

ಇಷ್ಟೇ ನಾನು ಹೇಳಿದ ಸುಳ್ಳು. ನಿಜದ ತಲೆಯ ಮೇಲೆ ಹೊಡೆದ ಹಾಗೆ ಹೇಳಿದೆ. ಹೇಳುವಾಗ ಎದೆ ಹೊಡೆದುಕೊಳ್ಳಲಿಲ್ಲ, ನಾಲಿಗೆ ಒಣಗಲಿಲ್ಲ. ಮನೆಗೆ ಬಂದು ಹೆಂಡತಿಗೆ ಕೆಲಸ ಸಿಕ್ಕಿತು ಅಂದೆ. ಅವಳು ದೇವರ ಮುಂದೆ ದೀಪ ಹಚ್ಚಿ ಬಂದು, "ಹ್ಯಾಂಡಲ್?" ಅಂದಳು. "ಅದಕ್ಕ ಹ್ಯಾಂಡಲ್ ಇಲ್ಲ" ಅಂದೆ. ಅವಳು ನಕ್ಕದ್ದನ್ನು ನೋಡಿ ಎಷ್ಟೋ ದಿನವಾಗಿತ್ತು.

ಗಾಡಿ ಬಂದ ದಿನ ಪೂಜೆ ಇಟ್ಟುಕೊಂಡರು. ಅದರ ಗಾಜಿನ ಮೇಲೆ ಮೂರು ಬೆರಳ ವಿಭೂತಿ ಎಳೆದು, ಹೂ ಏರಿಸಿ, ಕಾಯಿ ಒಡೆದು, ಕರ್ಪೂರದಾರತಿ ಮಾಡಿದರು. ಓಡಿಸುವವನೂ ಬೆಳಗಬೇಕೆಂದು ಹಿತ್ತಾಳೆಯ ತಟ್ಟೆಯನ್ನು ನನ್ನ ಎರಡೂ ಕೈಗೆ ಕೊಟ್ಟರು. ನಾನು ಬೆಳಗಿದೆ. ಉರಿಯುವ ಕರ್ಪೂರ ಜಾರಿ ಬಲಗೈ ಹೆಬ್ಬೆಟ್ಟಿನ ಹತ್ತಿರ ಬಂದು ನಿಂತದ್ದು ನನಗೆ ತಿಳಿಯಲಿಲ್ಲ. ಚರ್ಮ ಸುಟ್ಟ ವಾಸನೆ ಬಂದಾಗಲೇ ತಟ್ಟೆ ಇಳಿಸಿದ್ದು. ಎಲ್ಲರೂ ಗಾಡಿಗೆ ಕೈಮುಗಿಯುತ್ತಿದ್ದರು. ಹಿರಿಯಮ್ಮ ಮಾತ್ರ ನನ್ನ ಕೈ ನೋಡುತ್ತಿದ್ದರು. ಆಮೇಲೆ ಏನೂ ಆಗಿಲ್ಲವೆಂಬಂತೆ ಆ ಕಡೆ ತಿರುಗಿದರು.

ಎರಡು ತಿಂಗಳು ಚೆನ್ನಾಗಿ ನಡೆಯಿತು. ವಾರಕ್ಕೊಮ್ಮೆ ಖಾನಾಪುರ. ಆ ಗಾಡಿಯಲ್ಲಿ ಇನ್ನೊಂದು ವಿಚಿತ್ರವಿತ್ತು: ಮುಂದಿನ ಗಾದಿ ಹಿಂದಕ್ಕೆ ಮುಖ ಮಾಡಿತ್ತು. ಸಾಹುಕಾರರು ದಾರಿಗೆ ಬೆನ್ನು ಹಾಕಿ, ನನಗೆ ಎದುರಾಗಿ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂರುತ್ತಿದ್ದರು. ಹದಿನಾರು ಮೈಲಿ ಅವರ ಮುಖ ನೋಡಿಕೊಂಡೇ ಗಾಡಿ ಹೊಡೆಯಬೇಕು. ಒಳ್ಳೆಯ ಮನುಷ್ಯ, ಮಾತಿನ ಮನುಷ್ಯ. ಸಾಗವಾನಿ ಮರದ ವಯಸ್ಸು ಹೇಗೆ ನೋಡಬೇಕು, ಯಾವ ಮರ ಒಳಗೆ ಟೊಳ್ಳು ಇರುತ್ತದೆ, ಬಡಿದರೆ ಹೇಗೆ ತಿಳಿಯುತ್ತದೆ ಎಂದೆಲ್ಲ ಹೇಳುತ್ತಿದ್ದರು. ಹಿಂದಿರುಗುವಾಗ ನಾನು ಇಳಿಜಾರಿನಲ್ಲಿ ಕರೆಂಟು ಬಂದ್ ಮಾಡಿ ಹಾಗೇ ಬಿಡುತ್ತಿದ್ದೆ. ಮೈಲಿಗಲ್ಲು ಎಣಿಸುತ್ತ ಗಿರಣಿ ಮುಟ್ಟುತ್ತಿದ್ದೆ. "ಭಾಳ ಹಗೂರ ಹೊಡೀತಿ" ಎಂದು ಅವರು ಮೆಚ್ಚಿಕೊಳ್ಳುತ್ತಿದ್ದರು.

ಸುಗ್ಗಿಯ ಹೊತ್ತಿಗೆ ಹಿರಿಯಮ್ಮನ ಗುಂಜಿಯ ದಿನ ಗೊತ್ತಾಯಿತು. ನಾನು ಬೇಡವೆನ್ನಬಹುದಿತ್ತು. ಬ್ಯಾಟರಿ ಹಳೆಯದು, ಗುಂಜಿಗೆ ಆಗುವುದಿಲ್ಲ, ಮೊದಲು ತಪ್ಪು ಅಂದಾಜು ಮಾಡಿದೆ ಅನ್ನಬಹುದಿತ್ತು. ಹಿಂದಿನ ದಿನ ಡೈನಮೋಕ್ಕೆ ತಂತಿ ಸಿಕ್ಕಿಸುತ್ತ ಇದನ್ನೆಲ್ಲ ಯೋಚಿಸಿದೆ. ಆಮೇಲೆ ಬ್ಯಾಟರಿಗೆ ನೀರು ಹಾಕಿ ಮನೆಗೆ ಹೋಗಿ ಉಂಡೆ.

ಬೆಳಿಗ್ಗೆ ಹೊರಟು ಗುಂಜಿಗೆ ಹೋದದ್ದಂತೂ ಹೋದೆವು. ಹಿರಿಯಮ್ಮ ಅಡ್ಡೆಯಲ್ಲಿ ಒಟ್ಟಿದ ಮರದ ದಿಮ್ಮಿಗಳ ನಡುವೆ ನಿಧಾನವಾಗಿ ನಡೆದಾಡಿದರು. ಗಂಡ ಕೂರುತ್ತಿದ್ದ ಕಟ್ಟೆ ಯಾವುದೆಂದು ಕೇಳಿ ಅದರ ಮೇಲೆ ಸ್ವಲ್ಪ ಹೊತ್ತು ಕುಳಿತರು. ಅಡ್ಡೆಯವರು ಎಳನೀರು ತಂದರೆ, "ಮನಿಗಿ ಹೋಗಿ ಪೂಜಿ ಮಾಡಿ ಕುಡೀತೀನಿ" ಎಂದು ಕಳಿಸಿದರು. ಮಧ್ಯಾಹ್ನಕ್ಕೆ ಹೊರಟೆವು. ಖಾನಾಪುರ ದಾಟುವಾಗಲೇ ಸರಳಿನ ಕೆಳಗೆ ಗಾಡಿಯ ಬಲ ಇಳಿಯುತ್ತಿರುವುದು ಎಡಗೈಗೆ ಗೊತ್ತಾಯಿತು. ಇದ್ದಲಹೊಂಡದ ಏರಿನಲ್ಲಿ ಅದು ನಡೆಯುವ ಮನುಷ್ಯನಿಗಿಂತ ಮೆಲ್ಲಗಾಯಿತು, ಆಮೇಲೆ ನಿಂತಿತು. ನಿಂತದ್ದು ಸಾಹುಕಾರರಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಓಡುವಾಗಲೂ ಸದ್ದಿಲ್ಲ, ನಿಂತಾಗಲೂ ಸದ್ದಿಲ್ಲ.

"ಯಾಕೋ?"

"ಬ್ಯಾಟರಿ ನೀರು ಕಡಿಮಿ ಆಗಿರಬೇಕ್ರಿ."

ಎರಡನೆಯ ಸುಳ್ಳು ಹೇಳಿದ ಮೇಲೆ ಮೊದಲನೆಯದು ಹಳೆಯದಾಗುತ್ತದೆ. ಸಾಹುಕಾರರು ಟೋಪಿ ಸರಿಪಡಿಸಿಕೊಂಡು, ಊರೊಳಗೆ ಹೋಗಿ ಎತ್ತು ತರುತ್ತೇನೆಂದು ನಡೆದರು. ಬಿಸಿಲು ಗಾಜಿನ ಮೂಲಕ ಒಳಗೆ ಬೀಳುತ್ತಿತ್ತು. ಹಿರಿಯಮ್ಮ ಇಳಿದು ಹೊಂಗೆಯ ನೆರಳಲ್ಲಿ ಸೆರಗು ಹೊದ್ದು ಕುಳಿತರು. ತುಟಿ ಒಣಗಿತ್ತು. ಹತ್ತಿರದ ಹೊಲದಲ್ಲಿ ಬಾವಿಯಿತ್ತು, ನೀರು ತರಲೇ ಎಂದು ಕೇಳುವ ಮುಖ ನನಗಿರಲಿಲ್ಲ. ಕೇಳಿದ್ದರೂ ಅವರು ಮುಟ್ಟುತ್ತಿರಲಿಲ್ಲ.

"ತಮ್ಮಾ" ಅಂದರು. "ಆರತಿ ದಿನ ಕೈ ಸುಟ್ಟಿದ್ದು ನಿನಗ ಗೊತ್ತಾಗಲಿಲ್ಲ. ನಾ ನೋಡೇನಿ. ದೊಡ್ಡ ರೋಗ ಏನು?"

"ಅಲ್ರಿ ಅವ್ವಾರ. ಬಸರಾದಾಗ ಹ್ಯಾಂಡಲ್ ಬಡದದ್ದು. ದವಾಖಾನಿ ಕಾಗದ ಐತ್ರಿ."

ಅವರು ಕೈ ಚಾಚಿದರು. ನಾನು ಬಲಗೈ ಕೊಟ್ಟೆ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಹೆಬ್ಬೆಟ್ಟಿನ ಕಲೆಯ ಮೇಲೆ ಬೆರಳಾಡಿಸಿದರು. ನನಗೆ ಅದು ಕಾಣಿಸಿತು, ತಿಳಿಯಲಿಲ್ಲ.

"ಹಂಗಾದ್ರ ಈ ಗಾಡಿ ಯಾಕ ಆರಿಸಿದಿ ಅನ್ನೂದು ತಿಳೀತು ಬಿಡು" ಅಂದರು. "ಗುಂಜಿಗಿ ಹೋಗಿ ಬರಂಗಿಲ್ಲ ಅಂತ ನಿನಗ ಗೊತ್ತಿತ್ತು?"

ಹೌದೆಂದು ತಲೆಯಾಡಿಸಿದೆ.

"ನನ್ನ ಮಗಗ ನೀನ ಹೇಳು. ನಾ ಹೇಳಂಗಿಲ್ಲ. ನಾ ಹೇಳಿದ್ರ ಚಾಡಿ ಆಕ್ಕೈತಿ."

"ಹೇಳತೀನ್ರಿ" ಅಂದೆ.

ಸಾಹುಕಾರರು ಒಬ್ಬ ಮರಾಠಿ ರೈತನನ್ನೂ ಅವನ ಜೋಡೆತ್ತನ್ನೂ ಕರೆತಂದರು. ಆ ಮನುಷ್ಯ ಮುಚ್ಚಳದೊಳಗೆ ಬಗ್ಗಿ ನೋಡಿ, ಇದಕ್ಕೆ ಮೇವು ಏನು ಹಾಕುತ್ತೀರಿ ಎಂದು ಮರಾಠಿಯಲ್ಲಿ ಕೇಳಿದ. ಯಾರೂ ನಗಲಿಲ್ಲ. ಅಚ್ಚಿಗೆ ಹಗ್ಗ ಬಿಗಿದು ಎತ್ತು ಹೂಡಿದರು. ದೇಸೂರಿನ ಹತ್ತಿರ ಜನ ರಸ್ತೆಗೆ ಬಂದು ನಿಂತು ನೋಡಿದರು. ಸಾಹುಕಾರರು ಎಂದಿನಂತೆ ನನಗೆ ಎದುರಾಗಿ ಕುಳಿತಿದ್ದರು, ಪಕ್ಕದಲ್ಲಿ ತಾಯಿ. ಹೇಳಬೇಕಾದ ಮಾತು ಬಾಯಲ್ಲಿಯೇ ಇತ್ತು. ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು. ಹನ್ನೊಂದು ಮೈಲಿ ನಾನು ಬಾಯಿ ತೆರೆಯಲಿಲ್ಲ. ಊರು ಮುಟ್ಟಿದಾಗ ದೀಪ ಹಚ್ಚಿದ್ದರು. ಹಿರಿಯಮ್ಮನನ್ನು ಇಬ್ಬರು ಹಿಡಿದು ಇಳಿಸಿದರು. ಪೂಜೆ ಮುಗಿಸಿ ನೀರು ಕುಡಿದರೆಂದು ಮರುದಿನ ತಿಳಿಯಿತು, ಮೂರು ದಿನ ಹಾಸಿಗೆ ಬಿಟ್ಟು ಏಳಲಿಲ್ಲವೆಂದು ಆಮೇಲೆ ತಿಳಿಯಿತು.

ಮರುದಿನ ಹೇಳಬೇಕೆಂದುಕೊಂಡೆ. ಮರುದಿನ ಗಿರಣಿಯಲ್ಲಿ ಜನರಿದ್ದರು. ಅದರ ಮರುದಿನ ಸಾಹುಕಾರರು ಸಿಟ್ಟಿನಲ್ಲಿದ್ದಾರೆ ಅನಿಸಿತು. ಆಮೇಲೆ ದಿನಗಳು ಹೋದವು. ಹೆದರಿಕೆ ಅಂದರೆ ಎದೆ ನಡುಗುವುದು ಅಂತ ಜನ ತಿಳಿದಿರುತ್ತಾರೆ. ನನಗಾದದ್ದು ಹಾಗಲ್ಲ. ಬೆಳಿಗ್ಗೆ ಎದ್ದು, ಗಾಡಿಯ ಗಾಜು ಒರೆಸಿ, ಸಂಜೆ ಮನೆಗೆ ಹೋಗುವುದು. ಹೇಳದೆ ಇರುವುದಕ್ಕೆ ಯಾವ ಶ್ರಮವೂ ಬೇಕಾಗಿರಲಿಲ್ಲ.

ಇಪ್ಪತ್ತು ದಿನ ಕಳೆದಿರಬೇಕು. ಏಜಂಟ ಪೆಟ್ರೋಲ್ ಗಾಡಿ ತಂದು ಗಿರಣಿಯ ಅಂಗಳದಲ್ಲಿ ನಿಲ್ಲಿಸಿದ. ಅದೇ ಗಾಡಿ, ಟೈರು ಹೊಸದಾಗಿತ್ತು. ಸಾಹುಕಾರರು ನನಗೆ ಮೊದಲು ತಿಳಿಸಿರಲಿಲ್ಲ. ಹಿರಿಯಮ್ಮನನ್ನೂ ಟಾಂಗಾದಲ್ಲಿ ಕರೆಸಿದ್ದರು. ಏಜಂಟ ಹೋದ ಮೇಲೆ, "ಹೂಂ, ಚಾಲೂ ಮಾಡು" ಅಂದರು.

ಹ್ಯಾಂಡಲನ್ನು ಎಡಗೈಯಲ್ಲಿ ತೆಗೆದುಕೊಂಡೆ. ಸಿಕ್ಕಿಸಿದೆ. ಬಲಗೈಯನ್ನೂ ಅದರ ಮೇಲೆ ಇಟ್ಟು ತಿರುವಿದೆ, ಬೆರಳು ಮುಚ್ಚಲಿಲ್ಲ, ಜಾರಿತು. ಎಡಗೈ ಒಂದರಿಂದಲೇ ತಿರುವಿದೆ, ಇಂಜಿನ್ ಕೆಮ್ಮಿ ಸುಮ್ಮನಾಯಿತು. ಮರ ಹೊರುವ ಆಳುಗಳು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಹಿರಿಯಮ್ಮನ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ಮಾತು ಕೊಟ್ಟಂತೆ ಅವರು ಹೇಳಿರಲಿಲ್ಲ. ಮಾತು ಕೊಟ್ಟಂತೆ ನಾನೂ ಹೇಳಿರಲಿಲ್ಲ.

"ಕೈಯಾಗ ಜೀವ ಇಲ್ರಿ" ಅಂದೆ.

"ಯಾವಾಗಿಂದ?"

"ಬಸರಾದಾಗಿಂದ್ರಿ."

ಸಾಹುಕಾರರು ಗಾಜಿನ ಗಾಡಿಯ ಕಡೆ ನೋಡಿದರು. ಅದು ಚಪ್ಪರದ ಕೆಳಗೆ ಮರದ ಪುಡಿ ಹೊದ್ದು ನಿಂತಿತ್ತು. "ಗುಂಜಿ ಮಾತು?"

"ಗೊತ್ತಿತ್ರಿ. ಮೂವತ್ತೈದ ಮೈಲಿ ಅಂತ ಬಟ್ಲರ್ ಹೇಳಿದ್ದ."

ಅವರು ಬೈಯುತ್ತಾರೆಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಅವರು ಅಂಗಳದಲ್ಲಿ ನಿಂತಿದ್ದ ಆಳುಗಳ ಕಡೆ ಕೈ ತೋರಿಸಿ, ಬಹಳ ಮೆಲ್ಲಗೆ, "ದಿಮ್ಮಿ ಎತ್ತೂ ಮಂದಿ ಇಪ್ಪತ್ತು ಅದಾರಲೋ ನನ್ನ ಕಡೆ. ಹ್ಯಾಂಡಲ್ ಹೊಡ್ಯಾಕ ಒಬ್ಬಾಂವನ್ನ ಕೊಡತಿದ್ದೆ. ಕೈ ಇಲ್ಲ ಅಂತ ಒಂದು ಮಾತು ಹೇಳಿದ್ದರ ಆಗತಿತ್ತು" ಅಂದರು.

ಇದು ನನಗೆ ಹೊಳೆದೇ ಇರಲಿಲ್ಲ. ನಾಲ್ಕು ವರ್ಷ ಕೆಲಸವಿಲ್ಲದೆ ಕುಳಿತಿದ್ದೆ, ಒಬ್ಬ ಮುದುಕಿಯನ್ನು ಬಿಸಿಲಲ್ಲಿ ನೀರಿಲ್ಲದೆ ಕೂರಿಸಿದ್ದೆ. ಹ್ಯಾಂಡಲನ್ನು ಇನ್ನೊಬ್ಬ ಹೊಡೆಯಬಹುದು ಅನ್ನುವಷ್ಟು ಸಣ್ಣ ವಿಷಯ ಒಂದು ಸಲವೂ ತಲೆಗೆ ಬಂದಿರಲಿಲ್ಲ. ಅವತ್ತು ನನಗೆ ನಾಚಿಕೆಯಾಯಿತು. ಬಹಳ ವರ್ಷಗಳ ಮೇಲೆ ಏನೋ ಒಂದು ಆದದ್ದು ಅದೇ ಮೊದಲು.

ಸಾಹುಕಾರರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ನಡುವಯಸ್ಸಿನ ಒಬ್ಬ ಹಮಾಲನನ್ನು ಕರೆದು, ಇನ್ನು ಮೇಲೆ ಗಾಡಿಯ ಜೊತೆ ನೀನು ಹೋಗು ಅಂದರು. ಅವನು ಮೊದಲ ಹೊಡೆತಕ್ಕೇ ಇಂಜಿನ್ ಎಬ್ಬಿಸಿದ. ಒಂಬತ್ತು ವರ್ಷ ನಾನು ಆ ಗಾಡಿ ಓಡಿಸಿದೆ. ಖಾನಾಪುರ, ಗುಂಜಿ, ಎಲ್ಲಿಗೆ ಬೇಕಾದರೂ. ಸಂಬಳ ಹೆಚ್ಚಾಯಿತು, ಹೆಂಡತಿ ಕಂಡಿಕೆ ಸುತ್ತುವುದು ಬಿಟ್ಟಳು.

ಆ ಗಾಡಿಯಲ್ಲಿ ಸಾಹುಕಾರರು ನನ್ನ ಬೆನ್ನ ಹಿಂದೆ ಕೂರುತ್ತಿದ್ದರು. ಹೊರಡುವ ಮುಂಚೆ ನನ್ನನ್ನಲ್ಲ, ಹಮಾಲನನ್ನು ಕೇಳುತ್ತಿದ್ದರು: "ಏನಪಾ, ಬ್ರೇಕು ಸರಿ ಅದಾವೇನು? ಟೈರಿನಾಗ ಗಾಳಿ ಐತೇನು?" ಅವನಿಗೆ ಹ್ಯಾಂಡಲ್ ಹೊಡೆಯುವುದು ಬಿಟ್ಟರೆ ಮೋಟಾರಿನ ಅ ಆ ಗೊತ್ತಿರಲಿಲ್ಲ. ಅವನು ನನ್ನ ಕಡೆ ನೋಡುತ್ತಿದ್ದ. ನಾನು, "ಅದಾವ ಅನ್ನು" ಅನ್ನುತ್ತಿದ್ದೆ. ಅವನು ತಿರುಗಿ, "ಅದಾವ್ರಿ ಸಾಹುಕಾರ್ರ" ಅನ್ನುತ್ತಿದ್ದ. ಆಗ ಅವರು "ನಡೀ" ಅನ್ನುತ್ತಿದ್ದರು.